ತಂತಿ ಹೋಗಲಿ, ಮನೆ ನಂಬರ್ ಹೋಗದಿರಲಿ

ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಈಗ ಯಾವ ಬೀದಿಗೆ ಹೋದರೂ ಕಂಬದಿಂದ ಕಂಬಕ್ಕೆ ಫೈಬರ್ ಕೇಬಲ್ ತೂಗಾಡುವುದು ಕಾಣುತ್ತದೆ. ಮಕ್ಕಳ ಓದಿಗೆ ನೆಟ್ ಬೇಕು, ಅಂಗಡಿ ಲೆಕ್ಕಕ್ಕೆ ಬೇಕು, ಟಿವಿಗೂ ಈಗ ಅದೇ ಬೇಕು. ಹಾಗಾಗಿ ಹಳೆಯ ತಾಮ್ರದ ತಂತಿಯ ಟೆಲಿಫೋನ್ ತೆಗೆಸಿ ಫೈಬರ್ ಹಾಕಿಸಿಕೊಳ್ಳುವ ಮನೆಗಳು ಹೆಚ್ಚುತ್ತಿವೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ತಂತಿಯ ಜೊತೆಗೇ ಇಪ್ಪತ್ತು ಮೂವತ್ತು ವರ್ಷದಿಂದ ಮನೆಗಿದ್ದ ನಂಬರೂ ಹೋಗುತ್ತಿದೆ. ಬಹಳ ಜನಕ್ಕೆ ಇದು ಗೊತ್ತಾಗೋದು ಹೋದ ಮೇಲೆಯೇ.

ಉಳಿಸಿಕೊಳ್ಳಲು ದಾರಿ ಇಲ್ಲವೇ ಅಂದರೆ ಇದೆ. ಎಲ್ಲರಿಗೂ ಇಲ್ಲ, ಎಲ್ಲ ಕಂಪನಿಯಲ್ಲೂ ಇಲ್ಲ, ಆದರೆ ಇದೆ. ಅದನ್ನು ಗ್ರಾಹಕರಿಗೆ ಮುಂಚೆಯೇ ಹೇಳುವವರು ಇಲ್ಲ ಎಂಬುದೇ ಈ ಲೇಖನಕ್ಕೆ ಕಾರಣ.

"ಈ ಕಾಲದಲ್ಲಿ ಲ್ಯಾಂಡ್‌ಲೈನ್ ಯಾರು ಇಟ್ಕೋತಾರೆ? ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ" ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯೇ. ಚೆನ್ನೈನ ಫ್ಲಾಟಿನಲ್ಲಿರುವ ಗಂಡಹೆಂಡತಿಗೆ ಲ್ಯಾಂಡ್‌ಲೈನ್ ಬೇಕಾಗಿಲ್ಲ. ಆದರೆ ಈ ಎರಡು ಜಿಲ್ಲೆಗಳ ಕನ್ನಡ ಮನೆಗಳ ಸಂಗತಿ ಬೇರೆ. ನಮ್ಮ ನೆಂಟಸ್ತನ ಇರುವುದು ಗಡಿಯಾಚೆ. ಹೆಣ್ಣು ಕೊಟ್ಟದ್ದು ಕೊಳ್ಳೇಗಾಲಕ್ಕೆ, ತಂದದ್ದು ಚಾಮರಾಜನಗರದಿಂದ, ಮನೆದೇವರು ಮಹದೇಶ್ವರ ಬೆಟ್ಟದಲ್ಲಿ, ಮಕ್ಕಳ ಕೆಲಸ ಬೆಂಗಳೂರಿನಲ್ಲಿ. ಹೀಗಿರುವ ಮನೆಗಳು ಒಂದೆರಡಲ್ಲ.

ಈ ನೆಂಟಸ್ತನ ರಾಜ್ಯದ ಗಡಿಗಿಂತ ಹಳೆಯದು. ಬಾರಾಮಹಲ್ ಸೀಮೆ 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಮೈಸೂರಿನ ಕೈಬಿಟ್ಟು ಕಂಪನಿ ಸರ್ಕಾರಕ್ಕೆ ಹೋಯಿತು. ಕೊಳ್ಳೇಗಾಲ 1956ರ ನವೆಂಬರ್ 1ರ ತನಕ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು, ಆಮೇಲೆ ಮೈಸೂರಿಗೆ ಸೇರಿತು. ಗೆರೆ ಎಳೆದವರು ಎಳೆದರು. ಬೀಗರು ಬೀಗರಾಗಿಯೇ ಉಳಿದರು.

ಈಗಿನ ಹುಡುಗರ ಹತ್ತಿರ ಒಬ್ಬರ ನಂಬರ್ ಇನ್ನೊಬ್ಬರ ಮೊಬೈಲಿನಲ್ಲಿ ಇರುತ್ತದೆ, ಒಪ್ಪೋಣ. ಆದರೆ ಎಪ್ಪತ್ತು ದಾಟಿದ ಸೋದರಮಾವನ ತಲೆಯಲ್ಲಿರುವುದು ಒಂದೇ ನಂಬರ್. ಸೊನ್ನೆ ನಾಲ್ಕು ಎರಡು ಏಳು ಅಂತ ಶುರುವಾಗುವ ಸೇಲಂ ನಂಬರು, ಇಲ್ಲವೇ 04342 ಅಂತ ಶುರುವಾಗುವ ಧರ್ಮಪುರಿ ನಂಬರು. ಅದು ಕ್ಯಾಲೆಂಡರಿನ ಹಿಂದೆ, ಬೀರುವಿನ ಬಾಗಿಲ ಒಳಬದಿಯಲ್ಲಿ, ಮದುವೆ ಕಾರ್ಡಿನ ಕೆಳಗೆ, ಜಾತ್ರೆ ಚಂದಾ ಪುಸ್ತಕದಲ್ಲಿ ಇರುತ್ತದೆ. ಗಡಿ ಯಾವುದಾದರೂ ಇಷ್ಟೇ. ಆ ಕಡೆ ಕೊಲ್ಹಾಪುರದ ಮಾವಶಿಗೂ ಬೆಳಗಾವಿಯ 0831 ಬಾಯಿಪಾಠ.

ಆ ನಂಬರ್ ಮನೆಗೆ ಬಂದ ಬಗೆ

ಮನೆಗೆ ಫೋನ್ ಬರುವುದು ಸುಲಭವಾಗಿರಲಿಲ್ಲ ಎಂಬುದನ್ನು ಹಿರಿಯರು ಮರೆತಿಲ್ಲ. ದೇಶದಲ್ಲಿ ನೇರ ಡಯಲ್ ಮಾಡುವ ಎಸ್‌ಟಿಡಿ ಮೊದಲು ಶುರುವಾದದ್ದು 1960ರಲ್ಲಿ, ಲಖನೌ ಮತ್ತು ಕಾನ್ಪುರದ ನಡುವೆ. ನಮ್ಮ ಊರುಗಳಿಗೆ ಅದು ಬರುವ ತನಕ ಟ್ರಂಕ್ ಕಾಲ್ ಬುಕ್ ಮಾಡಿ ಕೂರಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ದರ. ಸಾವಿನ ಸುದ್ದಿಗೆ ಮಾತ್ರ ಜನ ಲೈಟ್ನಿಂಗ್ ಕೇಳುತ್ತಿದ್ದರು. 1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿ, ಅದು ತಯಾರಿಸಿದ ಚಿಕ್ಕ ಎಕ್ಸ್‌ಚೇಂಜುಗಳು ಹಳ್ಳಿಗಳಿಗೆ ಬಂದ ಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಮೂಲೆ ಮೂಲೆಗೂ ಎದ್ದವು. ರಾತ್ರಿ ದರ ಇಳಿಯುವ ಹೊತ್ತಿಗೆ ಕ್ಯೂ ನಿಂತು, ಕೆಂಪು ಅಂಕಿ ಓಡುವುದನ್ನೇ ನೋಡುತ್ತ, ಮೀಟರು ಹತ್ತು ರೂಪಾಯಿ ದಾಟಿದರೆ ಮಾತು ತುಂಡು ಮಾಡುತ್ತಿದ್ದೆವು.

ಮನೆ ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರು ಎಷ್ಟೋ ಮಂದಿ. ಕೊನೆಗೆ ಲೈನ್‌ಮನ್ ಬಂದು ಫೋನ್ ಇಟ್ಟ ದಿನ ಪಾಯಸ ಮಾಡಿದ ಮನೆಗಳುಂಟು. 2003ರ ರಾಷ್ಟ್ರೀಯ ಸಂಖ್ಯಾ ಯೋಜನೆಯ ಹೊತ್ತಿಗೆ ಹಳೆಯ ನಂಬರಿನ ಮುಂದೆ 2 ಸೇರಿಸಿದರು. ಆಗಲೂ ಕಾಗದ ಬರೆದು ಎಲ್ಲ ನೆಂಟರಿಗೂ ತಿಳಿಸಿದ್ದಾಯಿತು. ಈಗ ಎಸ್‌ಟಿಡಿ ಕೋಡ್ ಮತ್ತು ನಂಬರ್ ಸೇರಿ, ಮುಂದಿನ ಸೊನ್ನೆ ಬಿಟ್ಟರೆ, ಹತ್ತು ಅಂಕಿ. ಸೇಲಂಗೆ 427ರ ಮುಂದೆ ಏಳು ಅಂಕಿ, ಧರ್ಮಪುರಿಗೆ 4342ರ ಮುಂದೆ ಆರು.

2006ರ ಮಾರ್ಚ್ 1ರಿಂದ ಬಿಎಸ್‌ಎನ್‌ಎಲ್ 'ಒನ್ ಇಂಡಿಯಾ' ಪ್ಲಾನ್ ತಂದು ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ 1 ರೂಪಾಯಿ ಅಂದಾಗ ಹೆಚ್ಚು ಖುಷಿಪಟ್ಟವರು ಗಡಿಯವರೇ. ಮೇಟೂರಿನಿಂದ ಕೊಳ್ಳೇಗಾಲಕ್ಕೆ ಮಾತಾಡಿದರೂ ಒಂದೇ, ದಿಲ್ಲಿಗೆ ಮಾತಾಡಿದರೂ ಒಂದೇ. 2015ರ ಮೇ 1ರಿಂದ ರಾತ್ರಿ 9ರಿಂದ ಬೆಳಿಗ್ಗೆ 7ರ ತನಕ ಲ್ಯಾಂಡ್‌ಲೈನಿನಿಂದ ಎಲ್ಲಿಗೆ ಮಾಡಿದರೂ ಕರೆ ಫ್ರೀ ಅಂದರು. ಅಕ್ಕತಂಗಿಯರ ಮಾತು ಹನ್ನೊಂದಾದರೂ ಮುಗಿಯುತ್ತಿರಲಿಲ್ಲ. ಆ ಸೌಲಭ್ಯಕ್ಕೆ 2018ರಲ್ಲಿ ಕತ್ತರಿ ಬಿತ್ತು. ಅಷ್ಟು ಹೊತ್ತಿಗೆ ಮೊಬೈಲ್ ಕಂಪನಿಗಳು ಇಡೀ ದಿನ ಫ್ರೀ ಕೊಡುತ್ತಿದ್ದವು ಅನ್ನಿ.

ತವರಿನ ಸೀರೆ ತಲುಪಲಿಲ್ಲ

ನಂಬರ್ ಹೋದರೆ ಏನಾಗುತ್ತದೆ ಎಂಬುದಕ್ಕೆ ಧರ್ಮಪುರಿ ಜಿಲ್ಲೆಯ ಒಂದು ಮನೆಯ ಸಂಗತಿ ಹೇಳಬೇಕು. ಊರು, ಹೆಸರು ಬೇಡ. ಮನೆಯವರು ಒಂದು ಕಂಪನಿಯ ಫೈಬರ್ ಹಾಕಿಸಿದರು. ಬಂದ ಹುಡುಗ "ಇದರಲ್ಲೇ ಫೋನೂ ಬರುತ್ತೆ ಸಾರ್, ಹೊಸ ನಂಬರ್ ಫ್ರೀ" ಅಂದ. ಇನ್ನು ಎರಡೆರಡು ಬಿಲ್ ಯಾಕೆ ಅಂತ ಹಳೆಯ ಲೈನನ್ನು ಸರೆಂಡರ್ ಮಾಡಿದರು. ಹತ್ತಿರದವರಿಗೆ ಹೊಸ ನಂಬರ್ ತಿಳಿಸಿಯೂ ಇದ್ದರು. ಕೊಳ್ಳೇಗಾಲದ ಕಡೆ ಕೊಟ್ಟಿದ್ದ ತಂಗಿಯ ಮನೆಗೂ ಹೇಳಿದ್ದರು. ಆದರೆ ಹೇಳಿದ್ದು ಆ ಮನೆಯ ಮಗನ ಮೊಬೈಲಿಗೆ.

ಮೂರು ತಿಂಗಳಾದ ಮೇಲೆ ಒಂದು ರಾತ್ರಿ ಆ ತಂಗಿ ತೀರಿಹೋದರು. ಮಗ ನೈಟ್ ಡ್ಯೂಟಿಯಲ್ಲಿದ್ದ, ಮೊಬೈಲ್ ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕಾದ ಕಾರ್ಖಾನೆ. ಮನೆಯಲ್ಲಿದ್ದ ವೃದ್ಧ ಗಂಡ ಗೊತ್ತಿದ್ದ ನಂಬರನ್ನೇ ಒತ್ತಿದರು. ಆ ಕಡೆಯಿಂದ ತಮಿಳಿನಲ್ಲೊಂದು, ಇಂಗ್ಲಿಷಿನಲ್ಲೊಂದು ಧ್ವನಿ. ಏನು ಹೇಳುತ್ತಿದೆ ಅಂತ ಅವರಿಗೆ ತಿಳಿಯಲಿಲ್ಲ. ಫೋನ್ ಕೆಟ್ಟಿರಬೇಕು, ಬೆಳಿಗ್ಗೆ ಆಗುತ್ತೆ ಅಂತ ನಾಲ್ಕೈದು ಸಲ ಒತ್ತಿ ಕೂತರು. ಸುದ್ದಿ ಇತ್ತ ಮುಟ್ಟಿದ್ದು ಮರುದಿನ ಮಧ್ಯಾಹ್ನ. ಅಣ್ಣ ತವರಿನ ಸೀರೆ ಹಿಡಿದು ಬಸ್ ಹತ್ತಿ ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಮುತ್ತೈದೆಯಾಗಿ ಹೋದವಳಿಗೆ ತವರಿನ ಸೀರೆ ಹೊದಿಸದೆ ಕಳಿಸಿದ ಮಾತು ಎರಡೂ ಮನೆಯಲ್ಲಿ ಇವತ್ತಿಗೂ ಇದೆ. "ಒಂದು ಫೋನ್ ಮಾಡಬಾರದಿತ್ತಾ" ಅಂತ ಇವರು, "ಮಾಡಿದೆ, ನೀವೇ ಎತ್ತಲಿಲ್ಲ" ಅಂತ ಅವರು.

ತಪ್ಪು ಯಾರದು ಅಂತ ಹುಡುಕಿದರೆ ಯಾರೂ ಸಿಗುವುದಿಲ್ಲ. ಫೈಬರ್ ಹಾಕಿದ ಹುಡುಗ ಸುಳ್ಳು ಹೇಳಲಿಲ್ಲ, ಸರೆಂಡರ್ ಫಾರಂ ತೆಗೆದುಕೊಂಡ ಗುಮಾಸ್ತರು ನಿಯಮ ಮೀರಲಿಲ್ಲ. ಮೊದಲೇ ಕೇಳಬೇಕಾದ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಮೊಬೈಲಿಗಿರುವ ಹಕ್ಕು ಮನೆ ಫೋನಿಗಿಲ್ಲ

ಬಹಳ ಜನ ತಿಳಿದಿರುವುದು ಏನೆಂದರೆ, ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಹಾಗೆ ಮನೆ ನಂಬರನ್ನೂ ಒಯ್ಯಬಹುದು ಅಂತ. ಇದು ಸರಿಯಲ್ಲ. ನಂಬರ್ ಪೋರ್ಟ್ ಮಾಡುವ ಸೌಲಭ್ಯ 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ ಶುರುವಾಗಿ, 2011ರ ಜನವರಿ 20ರಿಂದ ಇಡೀ ದೇಶಕ್ಕೆ ಬಂತು. 2015ರ ಜುಲೈ 3ರಿಂದ ರಾಜ್ಯ ಬದಲಾದರೂ ಅದೇ ನಂಬರ್ ಇಟ್ಟುಕೊಳ್ಳಬಹುದು ಅಂತಾಯಿತು. ಇದರಿಂದ ಗಡಿಯವರಿಗೆ ದೊಡ್ಡ ಅನುಕೂಲವಾಯಿತು. ಸೇಲಂ ಸಿಮ್ ಇಟ್ಟುಕೊಂಡೇ ಹುಡುಗರು ಬೆಂಗಳೂರಿನವರಾದರು. ಆದರೆ ಇದಕ್ಕೆ ಆಧಾರವಾದ ಟ್ರಾಯ್‌ನ 2009ರ ನಿಯಮಾವಳಿಯ ಹೆಸರಿನಲ್ಲೇ 'ಮೊಬೈಲ್' ಎಂಬ ಮಾತಿದೆ. ಮನೆ ಫೋನು ಅದರೊಳಗೆ ಬರುವುದಿಲ್ಲ.

ಅಂದರೆ ಬಿಎಸ್‌ಎನ್‌ಎಲ್‌ನ ಹಳೆಯ ಲ್ಯಾಂಡ್‌ಲೈನ್ ನಂಬರನ್ನು ಜಿಯೋ ಫೈಬರಿಗೋ ಏರ್‌ಟೆಲ್ ಫೈಬರಿಗೋ ಒಯ್ಯಲು ಆಗುವುದಿಲ್ಲ. ಅವರು ಕೊಡುವುದು ಹೊಸ ನಂಬರು. ಹೊಸ ನಂಬರಿಗೂ ಅದೇ ಊರಿನ ಎಸ್‌ಟಿಡಿ ಕೋಡ್ ಇರುವುದರಿಂದ ಹಳೆಯದೇ ಬಂತು ಅಂದುಕೊಂಡು ಮೋಸ ಹೋಗಬಾರದು. 2022ರ ಆಗಸ್ಟ್ ಕೊನೆಗೆ ಟ್ರಾಯ್ ಕೊಟ್ಟ ಲೆಕ್ಕದಂತೆ ಜಿಯೋದ ತಂತಿ ಫೋನುಗಳು ಸುಮಾರು 73.5 ಲಕ್ಷ, ಬಿಎಸ್‌ಎನ್‌ಎಲ್‌ನವು 71.3 ಲಕ್ಷ. ಖಾಸಗಿ ಕಂಪನಿಯೊಂದು ಈ ವಿಷಯದಲ್ಲಿ ಸರ್ಕಾರಿ ಸಂಸ್ಥೆಯನ್ನು ದಾಟಿದ್ದು ದೇಶದಲ್ಲಿ ಅದೇ ಮೊದಲು. ಪತ್ರಿಕೆಗಳು ಅದನ್ನು ಕಂಪನಿಗಳ ಸೋಲು ಗೆಲುವು ಅಂತ ಬರೆದವು. ಅದರ ಅಡಿಯಲ್ಲಿ ಎಷ್ಟು ಮನೆಗಳ ಹಳೆಯ ನಂಬರುಗಳು ಸದ್ದಿಲ್ಲದೆ ಹೋದವು ಎಂಬುದನ್ನು ಯಾರೂ ಬರೆಯಲಿಲ್ಲ.

ಬಿಎಸ್‌ಎನ್‌ಎಲ್‌ನಲ್ಲೇ ಉಳಿದು ತಾಮ್ರದಿಂದ ಫೈಬರಿಗೆ ಬದಲಾಗುವವರಿಗೆ ಮಾತ್ರ ಹಳೆಯ ನಂಬರನ್ನೇ ಉಳಿಸಿಕೊಳ್ಳುವ ಅವಕಾಶ ಇದೆ. ಫೈಬರ್ ಬಂದ ಮೇಲೆ ಮಾತು ಹೋಗುವುದು ಇಂಟರ್‌ನೆಟ್ ಮಾದರಿಯಲ್ಲಿ. ದನಿಯನ್ನು ಚೂರು ಚೂರು ಮಾಡಿ ನೆಟ್ಟಿನ ದಾರಿಯಲ್ಲೇ ಕಳಿಸಿ ಆ ಕಡೆ ಜೋಡಿಸುತ್ತಾರೆ. ಆದರೆ ಕರೆ ಮಾಡುವವರಿಗೆ ಇದೇನೂ ಗೊತ್ತಾಗುವುದಿಲ್ಲ. ಅದೇ 0427, ಅದೇ ನಂಬರು, ಅದೇ ಟ್ರಿಣ್ ಟ್ರಿಣ್.

ಸರೆಂಡರ್ ಮಾಡಬೇಡಿ, ಬದಲಿಸಿ ಅನ್ನಿ

ಎಲ್ಲ ಇರುವುದು ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲಿ. ಹಳೆಯ ಲೈನ್ ಸರೆಂಡರ್ ಮಾಡಿ ಆಮೇಲೆ ಫೈಬರಿಗೆ ಅರ್ಜಿ ಹಾಕಿದರೆ ಅದು ಹೊಸ ಕನೆಕ್ಷನ್ ಆಗುತ್ತದೆ, ಹೊಸ ನಂಬರ್ ಬರುತ್ತದೆ. ಲೈನ್ ಜೀವಂತ ಇರುವಾಗಲೇ "ಇದೇ ನಂಬರನ್ನು ಫೈಬರಿಗೆ ಬದಲಿಸಿ ಕೊಡಿ" ಅಂತ ಬರೆದು ಕೊಡಬೇಕು. ಬಾಯಲ್ಲಿ ಹೇಳಿದರೆ ಸಾಲದು. ಅರ್ಜಿಯಲ್ಲಿ ಹಳೆಯ ನಂಬರ್ ಬರೆದು, ಒಂದು ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. 2020ರ ಜನವರಿ 31ರಂದು ಸ್ವಯಂ ನಿವೃತ್ತಿ ಯೋಜನೆಯಲ್ಲಿ ಬಿಎಸ್‌ಎನ್‌ಎಲ್‌ನಿಂದ ದೇಶದಾದ್ಯಂತ 78 ಸಾವಿರಕ್ಕೂ ಹೆಚ್ಚು ನೌಕರರು ಒಂದೇ ದಿನ ಹೊರಬಂದರು. ನಿಮ್ಮ ಮನೆಯ ಕಂಬ ಯಾವುದು, ಜಾಯಿಂಟ್ ಎಲ್ಲಿದೆ ಅಂತ ಕಣ್ಣುಮುಚ್ಚಿ ಹೇಳುತ್ತಿದ್ದ ಲೈನ್‌ಮನ್ ಈಗ ಇಲ್ಲ. ಬಹಳ ಕಡೆ ಬಿಎಸ್‌ಎನ್‌ಎಲ್ ಫೈಬರನ್ನು ಮನೆಗೆ ಎಳೆಯುವವರು ಸ್ಥಳೀಯ ಕೇಬಲ್ ಆಪರೇಟರುಗಳಂಥ ಪಾಲುದಾರರು. ಅವರಿಗೆ ಹೊಸ ಕನೆಕ್ಷನ್ ಬುಕ್ ಮಾಡುವುದು ಐದು ನಿಮಿಷದ ಕೆಲಸ. ಹಳೆಯ ನಂಬರ್ ಬದಲಿಸುವುದಕ್ಕೆ ಆಫೀಸಿನ ಒಪ್ಪಿಗೆ ಬೇಕು, ಓಡಾಟ ಇದೆ. ಆದ್ದರಿಂದ "ಅದೆಲ್ಲ ಆಗಲ್ಲ ಸಾರ್" ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡದೆ ಗ್ರಾಹಕ ಸೇವಾ ಕೇಂದ್ರಕ್ಕೆ ಹೋಗಿ ಕೇಳಬೇಕು. ನಿಮ್ಮ ಎಕ್ಸ್‌ಚೇಂಜಿನಲ್ಲಿ ನಿಜವಾಗಿಯೂ ತೊಡಕಿದ್ದರೆ ಅದನ್ನೂ ಅವರೇ ಹೇಳಲಿ, ಬರೆದು ಹೇಳಲಿ.

ಇನ್ನೊಂದು ತೊಡಕು ನಮ್ಮ ಮನೆಗಳಲ್ಲೇ ಇದೆ. ಫೋನು ಇನ್ನೂ ಅಜ್ಜನ ಹೆಸರಿನಲ್ಲಿರುತ್ತದೆ. ಅಜ್ಜ ತೀರಿಕೊಂಡು ಹದಿನೈದು ವರ್ಷ ಆಗಿರುತ್ತದೆ. ಬಿಲ್ ಕಟ್ಟುತ್ತಿರುವವರೆಗೆ ಯಾರೂ ಕೇಳಲಿಲ್ಲ, ನಾವೂ ಬದಲಿಸಲಿಲ್ಲ. ಫೈಬರ್ ಅರ್ಜಿಗೆ ಆಧಾರ್ ಕೇಳಿದಾಗ ಎಲ್ಲ ನಿಲ್ಲುತ್ತದೆ. "ಹೊಸದೇ ತಗೊಳ್ಳಿ, ಸುಲಭ" ಎಂಬ ಸಲಹೆ ಬರುವುದೂ ಆಗಲೇ. ಆ ಸಲಹೆ ಒಪ್ಪಬೇಡಿ. ಮರಣ ಪತ್ರ, ವಾರಸುದಾರರ ಪತ್ರ, ಅಣ್ಣತಮ್ಮಂದಿರ ಒಪ್ಪಿಗೆ ಕೊಟ್ಟು ಮೊದಲು ಹೆಸರು ಬದಲಿಸಿಕೊಂಡು ಆಮೇಲೆ ಫೈಬರಿಗೆ ಹೋಗಿ. ಹಳೆಯ ಬಿಲ್ ಬಾಕಿ ಇದ್ದರೆ ಅದನ್ನೂ ತೀರಿಸಿ. ಬಾಕಿಗೆ ಲೈನ್ ಕಡಿತವಾದರೆ ನಂಬರಿನ ಮೇಲಿನ ಹಿಡಿತವೂ ಸಡಿಲಾಗುತ್ತದೆ. ಅಜ್ಜ ಕಟ್ಟಿದ ಡಿಪಾಸಿಟ್ ರಸೀದಿ ಟ್ರಂಕಿನಲ್ಲಿದ್ದರೆ ತೆಗೆದಿಡಿ.

ಖರ್ಚಿನ ಲೆಕ್ಕವನ್ನೂ ನೋಡೋಣ. 2020ರ ಅಕ್ಟೋಬರಿನಲ್ಲಿ ಬಿಎಸ್‌ಎನ್‌ಎಲ್ 449 ರೂಪಾಯಿಯ ಫೈಬರ್ ಪ್ಲಾನ್ ತಂದಾಗ ಶೇ. 18 ಜಿಎಸ್‌ಟಿ ಸೇರಿ ತಿಂಗಳಿಗೆ ಸುಮಾರು 530 ರೂಪಾಯಿ ಬೀಳುತ್ತಿತ್ತು. ನೆಟ್ ಮತ್ತು ದೇಶದೊಳಗಿನ ಕರೆ ಎರಡೂ ಅದರಲ್ಲೇ. ದರ ಆಗಾಗ ಬದಲಾಗುತ್ತದೆ, ಕೇಳಿಯೇ ಹೋಗಿ. ಆದರೆ ಫೋನಿಗೊಂದು, ನೆಟ್ಟಿಗೊಂದು ಬಿಲ್ ಕಟ್ಟುವವರಿಗೆ ಇದು ಉಳಿತಾಯವೇ ಹೊರತು ನಷ್ಟವಲ್ಲ. ಖಾಸಗಿ ಕಂಪನಿಯ ನೆಟ್ಟೇ ಬೇಕು ಎನ್ನುವವರಿಗೆ ಲೆಕ್ಕ ಬೇರೆ. ಅವರು ಹಳೆಯ ಲೈನನ್ನು ಕಡಿಮೆ ಬಾಡಿಗೆಯ ಪ್ಲಾನಿಗೆ ಇಳಿಸಿ ಆರು ತಿಂಗಳು, ವರ್ಷ ಇಟ್ಟುಕೊಂಡು, ಬರುವ ಕರೆಯನ್ನು ಮೊಬೈಲಿಗೆ ತಿರುಗಿಸಿಕೊಂಡು, ಕರೆದವರಿಗೆಲ್ಲ ಹೊಸ ನಂಬರ್ ಬರೆಸುತ್ತ ಹೋಗಬಹುದು. ಹಾಗೆ ತಿರುಗಿಸಿದ ಕರೆಗೆ ಪ್ಲಾನ್ ಪ್ರಕಾರ ದುಡ್ಡು ಬೀಳಬಹುದು ಎಂಬುದು ನೆನಪಿರಲಿ.

ಸೇಲಂನ ಗುಗೈ, ಅಮ್ಮಾಪೇಟೆ ಕಡೆಯ ನೇಯ್ಗೆ ಮನೆಗಳಿಗೆ ಇನ್ನೂ ಒಂದು ಮಾತು. ಬಿಕಾಂ ಪುಸ್ತಕದಲ್ಲಿ ಗುಡ್‌ವಿಲ್ ಅಂತ ಒಂದು ಪಾಠ ಬರುತ್ತದೆ. ಕಣ್ಣಿಗೆ ಕಾಣದ, ಆದರೆ ಅಂಗಡಿ ಮಾರುವಾಗ ಬೆಲೆ ಬರುವ ಆಸ್ತಿ. ಬೆಂಗಳೂರು, ಮೈಸೂರಿನ ಸೀರೆ ವ್ಯಾಪಾರಿಗಳ ಪುಸ್ತಕದಲ್ಲಿ ಇಪ್ಪತ್ತೈದು ವರ್ಷದಿಂದ ಇರುವ ನಿಮ್ಮ ಲ್ಯಾಂಡ್‌ಲೈನ್ ನಂಬರ್ ಅಂಥದ್ದೇ ಆಸ್ತಿ. ಅದೇ ನಂಬರಿನಲ್ಲಿ ವಾಟ್ಸಪ್ ಬಿಸಿನೆಸ್ ಕೂಡ ತೆರೆಯಬಹುದು. ಕೋಡ್ ಎಸ್‌ಎಂಎಸ್ ಬದಲು ಫೋನ್ ಕರೆಯಲ್ಲಿ ಬರುವ ಹಾಗೆ ಕೇಳಿಕೊಂಡರೆ ಆಯಿತು. ಅದೇ ಕಾರಣಕ್ಕೆ, ಹಾಗೆ ತೆರೆದಿರುವವರು ನಂಬರ್ ಬಿಟ್ಟುಕೊಡುವ ಮುಂಚೆ ಎರಡು ಸಲ ಯೋಚಿಸಬೇಕು. ಬಿಟ್ಟ ನಂಬರ್ ಮುಂದೊಂದು ದಿನ ಬೇರೆಯವರಿಗೆ ಹಂಚಿಕೆಯಾದರೆ ಆ ಕೋಡ್ ಬರುವುದು ಅವರ ಮನೆಗೆ.

ಕರೆಂಟ್ ಹೋದರೆ ಫೋನೂ ಹೋಯಿತು

ಫೈಬರನ್ನು ಹೊಗಳಿ ಮುಗಿಸುವಂತಿಲ್ಲ. ಹಳೆಯ ತಾಮ್ರದ ತಂತಿಗೆ ಒಂದು ಗುಣ ಇತ್ತು. ಫೋನಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದ ಆ ತಂತಿಯಲ್ಲೇ ಬರುತ್ತಿತ್ತು. 2012ರ ಆಸುಪಾಸಿನಲ್ಲಿ ತಮಿಳುನಾಡಿನಲ್ಲಿ ದಿನಕ್ಕೆ ಎಷ್ಟೋ ಗಂಟೆ ಕರೆಂಟ್ ಇಲ್ಲದ ಕಾಲ ನೆನಪಿದೆಯಲ್ಲ. ಮನೆಯೆಲ್ಲ ಕತ್ತಲು, ಮೊಬೈಲ್ ಚಾರ್ಜ್ ಖಾಲಿ, ಆದರೂ ಲ್ಯಾಂಡ್‌ಲೈನ್ ಬಡಿದುಕೊಳ್ಳುತ್ತಿತ್ತು. ಫೈಬರಿನಲ್ಲಿ ಹೋಗುವುದು ಬೆಳಕು, ಅದರಲ್ಲಿ ವಿದ್ಯುತ್ತು ಬರುವುದಿಲ್ಲ. ಗೋಡೆಗೆ ಹಾಕುವ ಪೆಟ್ಟಿಗೆಗೆ ಮನೆಯ ಕರೆಂಟೇ ಬೇಕು. ಅದು ಹೋದರೆ ನೆಟ್ಟೂ ಇಲ್ಲ, ಫೋನೂ ಇಲ್ಲ.

ಆದ್ದರಿಂದ ವಯಸ್ಸಾದವರಿರುವ ಮನೆಯಲ್ಲಿ ಆ ಪೆಟ್ಟಿಗೆಗೆಂದೇ ಮಾರುವ ಚಿಕ್ಕ ಯುಪಿಎಸ್ ಒಂದನ್ನು ಹಾಕಿಸಿಕೊಳ್ಳಲೇಬೇಕು. ಇನ್ವರ್ಟರ್ ಇರುವವರು ಪೆಟ್ಟಿಗೆಯ ಪ್ಲಗ್ ಇನ್ವರ್ಟರ್ ಲೈನಿನಲ್ಲಿದೆಯೇ ನೋಡಿಕೊಳ್ಳಿ. ಫೋನಿನ ವಯರನ್ನು ಹಾಕಬೇಕಾದದ್ದು ಪೆಟ್ಟಿಗೆಯ ಹಿಂದಿರುವ ಚಿಕ್ಕ ಫೋನ್ ಸಾಕೆಟ್ಟಿಗೆ. ಪಕ್ಕದಲ್ಲಿರುವ ದೊಡ್ಡವು ಕಂಪ್ಯೂಟರಿನವು. ಒತ್ತುವ ಗುಂಡಿಯ ಹಳೆಯ ಫೋನ್ ಸಾಮಾನ್ಯವಾಗಿ ಹಾಗೆಯೇ ನಡೆಯುತ್ತದೆ. ಬೆರಳು ಹಾಕಿ ತಿರುಗಿಸುವ ಕಪ್ಪು ಫೋನನ್ನು ಇನ್ನೂ ಇಟ್ಟುಕೊಂಡಿರುವ ಪುಣ್ಯವಂತರಿದ್ದರೆ, ಹಲವು ಪೆಟ್ಟಿಗೆಗಳಿಗೆ ಅದರ ಡಯಲ್ ಅರ್ಥವಾಗುವುದಿಲ್ಲ. ಬದಲಾದ ದಿನವೇ ಗಡಿಯಾಚೆಯ ಒಬ್ಬ ನೆಂಟರಿಂದ ಫೋನ್ ಮಾಡಿಸಿ ನೋಡಿ. ನೀವೂ ಮಾಡಿ ನೋಡಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಒತ್ತಬೇಕು ಎಂಬುದು ಫೈಬರಿಗೂ ಅನ್ವಯ. ಇದು ಗೊತ್ತಿಲ್ಲದೆ ಫೋನ್ ಕೆಟ್ಟಿದೆ ಅನ್ನುವವರು ಈಗಲೂ ಇದ್ದಾರೆ.

ಆಪ್ ಮೂಲಕ ಕರೆ ಮಾಡುವ ಸೇವೆಗಳ ಬಗ್ಗೆಯೂ ಕೆಲವರು ಕೇಳುತ್ತಾರೆ. ಇಂಟರ್‌ನೆಟ್ ಮೂಲಕ ಸಾಮಾನ್ಯ ಫೋನಿಗೆ ಕರೆ ಮಾಡಲು ಕೇಂದ್ರ ಸರ್ಕಾರ 2018ರ ಜೂನ್‌ನಲ್ಲಿ ದಾರಿ ಮಾಡಿಕೊಟ್ಟಿತು. ಮರುತಿಂಗಳೇ ಬಿಎಸ್‌ಎನ್‌ಎಲ್ ವರ್ಷಕ್ಕೆ 1,099 ರೂಪಾಯಿಯ 'ವಿಂಗ್ಸ್' ಸೇವೆ ಘೋಷಿಸಿತು. ಆದರೆ ಅದಕ್ಕೂ ಬೇರೆಯೇ ಹೊಸ ನಂಬರು. ಹಳೆಯ ನಂಬರಿನ ಪ್ರಶ್ನೆಗೆ ಅದು ಉತ್ತರವಾಗಲಿಲ್ಲ.

ಬೇರೆ ಕಡೆ ಆಗಿರುವುದು ಇಲ್ಲಿ ಯಾಕಿಲ್ಲ

ಅಮೆರಿಕದಲ್ಲಿರುವ ನಮ್ಮವರ ಮಕ್ಕಳು ಈ ಕಷ್ಟ ಕೇಳಿದರೆ ಆಶ್ಚರ್ಯಪಡುತ್ತಾರೆ. ಅಲ್ಲಿ 1996ರ ಟೆಲಿಕಾಂ ಕಾನೂನೇ ನಂಬರ್ ಒಯ್ಯುವ ಅವಕಾಶವನ್ನು ಕಡ್ಡಾಯ ಮಾಡಿತು. 2007ರ ನವೆಂಬರಿನಲ್ಲಿ ಅಲ್ಲಿನ ನಿಯಂತ್ರಣ ಆಯೋಗ ಇಂಟರ್‌ನೆಟ್ ಫೋನ್ ಕಂಪನಿಗಳಿಗೂ ಅದೇ ನಿಯಮ ಹಾಕಿತು. ಹಾಗಾಗಿ ಅಲ್ಲಿ ಮನೆ ನಂಬರನ್ನು ಇಂಟರ್‌ನೆಟ್ ಫೋನಿಗೆ ಒಯ್ಯುವುದು ಗ್ರಾಹಕರ ಹಕ್ಕು. ಅಲ್ಲೂ ಎಲ್ಲರೂ ಹೇಳುವ ಎಚ್ಚರಿಕೆ ಒಂದೇ: ಹಳೆಯ ಕನೆಕ್ಷನ್ ನೀವಾಗಿ ರದ್ದು ಮಾಡಬೇಡಿ, ನಂಬರ್ ಹೊಸ ಕಡೆ ಬಂದ ಮೇಲೆ ಮಾಡಿ. ಬ್ರಿಟನ್ನಿನಲ್ಲಿ ತಾಮ್ರದ ಫೋನ್ ಜಾಲವನ್ನೇ ಮುಚ್ಚುತ್ತಿದ್ದಾರೆ. ಮೊದಲು 2025ರ ಕೊನೆ ಅಂದಿದ್ದ ಗಡುವನ್ನು 2027ರ ಜನವರಿಗೆ ಮುಂದೂಡಿದರು. ಮುಂದೂಡಲು ಒಂದು ಕಾರಣ ಒಂಟಿಯಾಗಿರುವ ವೃದ್ಧರು. ತುರ್ತು ಗುಂಡಿಯನ್ನು ಫೋನ್ ಲೈನಿಗೆ ಜೋಡಿಸಿಕೊಂಡವರನ್ನು ಒತ್ತಾಯದಿಂದ ಬದಲಿಸಬಾರದು ಅಂತ 2023ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರ ಕಂಪನಿಗಳಿಂದ ಒಪ್ಪಿಗೆ ಬರೆಸಿಕೊಂಡಿತು.

ನಮ್ಮಲ್ಲೂ ಒಂದು ಸಂದರ್ಭ ಒದಗಿದೆ. 2025ರ ಫೆಬ್ರವರಿ 6ರಂದು ಟ್ರಾಯ್ ಹೊಸ ಸಂಖ್ಯಾ ಯೋಜನೆಗೆ ಶಿಫಾರಸು ಮಾಡಿತು. ತಾಲ್ಲೂಕುವಾರು ಎಸ್‌ಟಿಡಿ ವಿಂಗಡಣೆಯಿಂದ ಮನೆ ಫೋನನ್ನು ಬಿಡಿಸಿ ಹತ್ತು ಅಂಕಿಯ ಒಂದೇ ಪದ್ಧತಿಗೆ ತರಬೇಕು, ಊರೊಳಗಿನ ಲ್ಯಾಂಡ್‌ಲೈನ್ ಕರೆಗೂ ಸೊನ್ನೆ ಮತ್ತು ಕೋಡ್ ಒತ್ತಬೇಕು, ಈಗಿರುವ ಗ್ರಾಹಕರ ನಂಬರ್ ಬದಲಾಗುವುದಿಲ್ಲ ಎಂಬುದು ಅದರ ಸಾರ. ಹತ್ತು ಅಂಕಿಯ ವಿಚಾರದಲ್ಲಿ ಮನೆ ಫೋನು ಮೊಬೈಲಿನ ಹಾಗೇ ಆಗುವುದಾದರೆ, ಒಯ್ಯುವ ಹಕ್ಕಿನಲ್ಲಿ ಮಾತ್ರ ಯಾಕೆ ಬೇರೆ? ಹೊಸ ಯೋಜನೆ ಜಾರಿ ಮಾಡುವ ಜೊತೆಗೇ ಲ್ಯಾಂಡ್‌ಲೈನ್ ನಂಬರಿಗೂ ಪೋರ್ಟ್ ಸೌಲಭ್ಯ ಕೊಡಲು ದೂರಸಂಪರ್ಕ ಇಲಾಖೆ ಮುಂದಾಗಬೇಕು. ಇದು ಖಾಸಗಿ ಕಂಪನಿಗಳಿಗೆ ಅನುಕೂಲ, ಬಿಎಸ್‌ಎನ್‌ಎಲ್‌ಗೆ ನಷ್ಟ ಎನ್ನುವ ವಾದ ಬರುತ್ತದೆ. ಆದರೆ ನಂಬರನ್ನು ಬೀಗ ಹಾಕಿ ಇಟ್ಟುಕೊಂಡದ್ದರಿಂದ ಹೋಗುವ ಗ್ರಾಹಕರು ನಿಂತಿಲ್ಲ. ನಂಬರ್ ಬಿಟ್ಟೇ ಹೋಗಿದ್ದಾರೆ.

ದಿಲ್ಲಿಯಲ್ಲಿ ಅದು ಆಗುವ ತನಕ ಸೇಲಂ, ಧರ್ಮಪುರಿಯ ಬಿಎಸ್‌ಎನ್‌ಎಲ್ ಅಧಿಕಾರಿಗಳು ದುಡ್ಡಿಲ್ಲದೆ ಮಾಡಬಹುದಾದ ಒಂದು ಕೆಲಸ ಇದೆ. ಸರೆಂಡರ್ ಅರ್ಜಿ ತೆಗೆದುಕೊಳ್ಳುವ ಕೌಂಟರಿನಲ್ಲಿ "ನಂಬರನ್ನು ಫೈಬರಿಗೆ ಬದಲಿಸಿಕೊಳ್ಳುತ್ತೀರಾ?" ಎಂದು ಕೇಳಿ, ಉತ್ತರವನ್ನು ಅರ್ಜಿಯ ಮೇಲೆಯೇ ಬರೆಸಿಕೊಳ್ಳಲಿ. ಫೈಬರ್ ಎಳೆಯುವ ಪಾಲುದಾರರಿಗೂ ಇದೇ ಸೂಚನೆ ಹೋಗಲಿ. ಹೊಸ ಕನೆಕ್ಷನ್‌ನಷ್ಟೇ ಕಮಿಷನ್ ಹಳೆಯ ನಂಬರ್ ಬದಲಿಸಿದ್ದಕ್ಕೂ ಸಿಕ್ಕರೆ "ಆಗಲ್ಲ ಸಾರ್" ಎಂಬ ಮಾತು ತಾನಾಗಿ ಕಡಿಮೆಯಾದೀತು.

ಈ ವಾರ ಸರೆಂಡರ್ ಅರ್ಜಿ ಕೊಡಲು ಹೊರಟಿರುವ ಓದುಗರು ಅದನ್ನು ಎರಡು ದಿನ ತಡೆಹಿಡಿಯಿರಿ. ಆಧಾರ್, ಕೊನೆಯ ಬಿಲ್ಲು, ಫೋನ್ ತೀರಿಹೋದವರ ಹೆಸರಿನಲ್ಲಿದ್ದರೆ ಮರಣ ಪತ್ರ ಮತ್ತು ವಾರಸುದಾರರ ಪತ್ರ ಇಷ್ಟನ್ನು ಹಿಡಿದು ಗ್ರಾಹಕ ಸೇವಾ ಕೇಂದ್ರಕ್ಕೆ ಹೋಗಿ. ಸರೆಂಡರ್ ಈಗಾಗಲೇ ಕೊಟ್ಟು ಒಂದೆರಡು ವಾರವಷ್ಟೇ ಆಗಿದ್ದರೆ ಅವರೂ ಹೋಗಿ ಕೇಳಲಿ. ನಂಬರ್ ಇನ್ನೂ ಬೇರೆಯವರಿಗೆ ಹಂಚಿಕೆಯಾಗದೆ ಇದ್ದರೆ ಅಧಿಕಾರಿಗಳು ಮನಸ್ಸು ಮಾಡಲೂಬಹುದು. ಕೊನೇಪಕ್ಷ ಕೊಳ್ಳೇಗಾಲದ ಮಾವನಿಗೆ ಹೊಸ ನಂಬರನ್ನು ಮಗನ ಮೊಬೈಲಿಗೆ ಕಳಿಸಿ ಸುಮ್ಮನಾಗದೆ, ದಪ್ಪ ಅಕ್ಷರದಲ್ಲಿ ಬರೆದು ಅವರ ಫೋನಿನ ಪಕ್ಕದ ಗೋಡೆಗೆ ಅಂಟಿಸಿ ಬನ್ನಿ.